ಏಳನೆಯ ಗೋದಾಮಿನಲ್ಲಿರುವ ನಮ್ಮವರು

ನಗರದ ಕಟ್ಟಡ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತಮ್ಮ ಸಿಬ್ಬಂದಿ ಡ್ರೇಟನ್ ಬೀದಿಯ ನಮ್ಮ ನಾಟಕ ಕಂಪನಿಯ ಉಡುಪಿನ ಕೋಣೆಗೆ ಬಂದು, ಅಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಉಡುಪುಗಳನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ತಮ್ಮ ಕಚೇರಿಯ ಏಳನೆಯ ಗೋದಾಮಿಗೆ ಒಯ್ದರು. ಬಿಟ್ಟುಹೋದ ಚೀಟಿಯಲ್ಲಿ ಬರೆದದ್ದು ಇಷ್ಟು: "ವಾರಸುದಾರರಿಲ್ಲದ ಹಳೆಯ ಬಟ್ಟೆ, ಬೆಂಕಿಯ ಅಪಾಯವುಳ್ಳ ತ್ಯಾಜ್ಯ, ಅರವತ್ತೆರಡು ಚೀಲ." ಬರುವ ಹದಿನಾಲ್ಕನೆಯ ತಾರೀಖಿನೊಳಗೆ ಪ್ರತಿಯೊಂದು ಉಡುಪಿನ ವಿವರ ಮತ್ತು ಮಾಲೀಕರ ಹೆಸರುಳ್ಳ ಪಟ್ಟಿಯನ್ನು ಸಲ್ಲಿಸದಿದ್ದರೆ ಎಲ್ಲವನ್ನೂ ಸುಡಲಾಗುವುದೆಂದು ತಮ್ಮ ನೋಟೀಸು ಹೇಳುತ್ತದೆ. ಅವು ತ್ಯಾಜ್ಯವಲ್ಲ, ಅವುಗಳಿಗೆ ವಾರಸುದಾರರಿದ್ದಾರೆ, ಆದರೆ ಆ ಪಟ್ಟಿ ತಮಗೆ ಸಿಗುವುದಿಲ್ಲ. ಈ ಮೂರು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ತಮಗೆ ತೋರಬಹುದು. ಹೇಗೆ ಹೊಂದುತ್ತವೆ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಬಹಿರಂಗ ಪತ್ರ.

ಇದರ ಇಂಗ್ಲಿಷ್ ಪ್ರತಿ ಈಗಾಗಲೇ ತಮ್ಮ ಕಚೇರಿಗೆ ಅಂಚೆಯಲ್ಲಿ ಹೋಗಿದೆ. ಅದು ಬಹಳ ವಿನಯದಿಂದ ಕೂಡಿದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈ ಊರಿನ ಸರ್ಕಾರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷಿನಲ್ಲಿ ಗಣಿತ ಕಲಿಸಿದ್ದರೂ ಸಿಟ್ಟನ್ನು ವ್ಯಾಕರಣ ಕೆಡದಂತೆ ಹೇಳಲು ನನಗೆ ಬರುವುದು ಮೊದಲು ಕಲಿತ ಭಾಷೆಯಲ್ಲಿ ಮಾತ್ರ. ಆದ್ದರಿಂದ ಇದು ಮೂಲ, ಅದು ಭಾಷಾಂತರ ಎಂದು ತಿಳಿಯತಕ್ಕದ್ದು.

ಆ ಬಟ್ಟೆಗಳು ಯಾರವು? ನಮ್ಮ ಕಂಪನಿಯನ್ನು ನಡೆಸುವವರು ಇಬ್ಬರು: ನಾಟಕ ಆಡಿಸುವ ಕ್ಲೋವಿಸ್ ಟ್ರೆಡ್‌ವೆಲ್ ಮತ್ತು ಉಡುಪು ನೋಡಿಕೊಳ್ಳುವ ಮಿಸ್ ಆರ್ನೆಟಾ ಬೊಹಾನನ್. ನಾನು ಇಪ್ಪತ್ತು ವರ್ಷದಿಂದ ಅವರ ಜೊತೆಗಿರುವವಳು. ನಲವತ್ತಾರು ವರ್ಷಗಳ ಹಿಂದೆ, ಹೆದ್ದಾರಿಗಾಗಿ ಕಪ್ಪು ಜನರ ಬೀದಿಗಳನ್ನೆಲ್ಲ ಕೆಡವಿದ ಮೇಲೆ ಉಳಿದಿದ್ದ ಒಂದು ಹಳೆಯ ಲಾಂಡ್ರಿ ಕಟ್ಟಡದಲ್ಲಿ, ತಮ್ಮ ಜನರ ನಾಟಕಗಳನ್ನು ತಮ್ಮ ಜನರೇ ಆಡಬೇಕೆಂದು ಅವರು ಈ ಕಂಪನಿ ಕಟ್ಟಿದರು. ಅಲ್ಲಿಯ ಕಂಬಿಗಳ ಮೇಲೆ, ಇಸ್ತ್ರಿಯಾಗಿಯೂ ಯಾರೂ ಒಯ್ಯದ ಬಟ್ಟೆಗಳು ತೂಗುತ್ತಿದ್ದವು. ಬೇರೆ ಉಡುಪಿಗೆ ಗತಿಯಿರಲಿಲ್ಲ; ಅವನ್ನೇ ತೊಟ್ಟು ಆಡಿದರು. ಮೊದಲ ಆಟದಲ್ಲಿ ಕಂದು ಸೂಟಿನ ನಟನೊಬ್ಬ ರಂಗಕ್ಕೆ ಬರುತ್ತಲೇ ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳಂತೆ. "ಅದು ನಮ್ಮಣ್ಣನ ಸೂಟು. ಅವನು ಹೋಗಿ ಎರಡು ವರ್ಷ ಆಯ್ತು. ಬಿಚ್ಚಬೇಡಿ, ಆಟ ನಡೀಲಿ, ನಾನು ನೋಡ್ಬೇಕು," ಅಂದಳಂತೆ. ಮರುವಾರ ಅಣ್ಣನ ಟೋಪಿಯನ್ನೂ ತಂದುಕೊಟ್ಟಳು. ಅಂದಿನಿಂದ ಈ ಭಾಗದಲ್ಲಿ ಯಾರೇ ತೀರಿಕೊಂಡರೂ ಅವರ ಒಳ್ಳೆಯ ಬಟ್ಟೆಗಳಲ್ಲಿ ಒಂದು ಅವರೊಡನೆ ಮಣ್ಣಿಗೆ ಹೋಗುತ್ತದೆ, ಇನ್ನೊಂದು ಕಂಪನಿಗೆ ಬರುತ್ತದೆ.

ಬಟ್ಟೆ ಕೊಡುವುದಕ್ಕೊಂದು ಕ್ರಮವಿದೆ. ಮನೆಯವರು ಮಿಸ್ ಆರ್ನೆಟಾ ಎದುರಿನ ಬೆಂಚಿನ ಮೇಲೆ ಕುಳಿತು ಸತ್ತವರ ಹೆಸರು ಹೇಳಬೇಕು. ಆಮೇಲೆ ಅವರ ಒಂದು ಕುಂದನ್ನು ಹೇಳಬೇಕು. ಯಾರಾದರೂ ಹೊಗಳಲು ಹೊರಟರೆ ಅವರು ಅಂಗೈ ಅಡ್ಡ ಹಿಡಿಯುತ್ತಾರೆ. "ಅದನ್ನೆಲ್ಲ ಚರ್ಚಲ್ಲಿ ಪಾದ್ರಿ ಹೇಳಿದ್ನಲ್ಲ, ನಾನೂ ಕೇಳ್ಸ್ಕೊಂಡೆ. ಪೆಟ್ಟಿಗೆ ಒಳಗೆ ಮಲಗಿದ್ಮೇಲೆ ಎಲ್ರೂ ದೇವದೂತರೇ. ನಂಗೆ ಮನುಷ್ಯ ಬೇಕು. ಏನ್ ಕೊರತೆ ಇತ್ತು, ಹೇಳು ಕಂದ." ಒಬ್ಬ ತನ್ನ ಹಾಸ್ಯವನ್ನು ಮುಗಿಸುವ ಮೊದಲೇ ತಾನೇ ನಗುತ್ತಿದ್ದ. ಒಬ್ಬಳು ಯಾರ ಮನೆಗೆ ಹೋದರೂ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ನಟರು ಆ ಉಡುಪು ತೊಡುವಾಗ ಕನ್ನಡಿಯ ಮುಂದೆ ಆ ಹೆಸರನ್ನು ಒಮ್ಮೆ ಹೇಳಿ, ಆ ಕುಂದನ್ನು ತಮ್ಮ ಪಾತ್ರದಲ್ಲಿ ಎಲ್ಲಾದರೂ ಒಂದೆಡೆ ಸೇರಿಸುತ್ತಾರೆ. ಸಭೆಯಲ್ಲಿ ಒಂದಿಬ್ಬರಿಗೆ ಮಾತ್ರ ಅದು ತಿಳಿಯುತ್ತದೆ. ಇಲ್ಲವೆಂದು ತಮ್ಮ ಸಿಬ್ಬಂದಿಯ ಚೀಟಿ ಹೇಳಿದ ವಾರಸುದಾರರು ಆ ಒಂದಿಬ್ಬರೇ. ತಮ್ಮ ಸಿಬ್ಬಂದಿ ಮಂಗಳವಾರದ ಬದಲು ಭಾನುವಾರ ಬಂದು, ಚೀಲದ ಬದಲು ಟಿಕೆಟು ಹಿಡಿದು ಕುಳಿತಿದ್ದರೆ ಅವರನ್ನು ಕಣ್ಣಾರೆ ಕಾಣಬಹುದಿತ್ತು.

ತಪ್ಪು ನಡೆದದ್ದಿಲ್ಲವೆಂದು ನಾನು ಹೇಳುವುದಿಲ್ಲ. ಒಮ್ಮೆ, ಚರ್ಚಿನ ಹಿರಿಯರಲ್ಲೊಬ್ಬರಾಗಿದ್ದ ಡೀಕನ್ ಹೊಸಿಯಾ ಗೇದರ್ ಅವರ ಕೋಟನ್ನು ಯೋಚಿಸದೆ ಒಬ್ಬ ದುಷ್ಟ ಮನೆಮಾಲೀಕನ ಪಾತ್ರಕ್ಕೆ ಹಾಕಿಬಿಟ್ಟರು. ಪಾತ್ರ ಮಾಡಿದವರು ಸ್ವತಃ ಕ್ಲೋವಿಸ್. ಬಾಡಿಗೆದಾರಳ ಹಾಸಿಗೆಯನ್ನು ಬೀದಿಗೆ ಎಸೆಯುವ ದೃಶ್ಯದಲ್ಲಿ ಡೀಕನ್ನರ ಹೆಂಡತಿ, ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುವ ಸಿಸ್ಟರ್ ಗೇದರ್, ಎದ್ದರು. "ಕ್ಲೋವಿಸ್, ಆ ಕೋಟು ಬಿಚ್ಚು. ನನ್ನ ಗಂಡ ಯಾರ ಹಾಸಿಗೇನೂ ಎಸೆದೋನಲ್ಲ." ಕ್ಲೋವಿಸ್ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟು, ಉಳಿದ ಆಟವನ್ನು ಬನಿಯನ್ನಿನಲ್ಲೇ ಆಡಿದರು. ಅಂದಿನಿಂದ ಕೆಟ್ಟ ಪಾತ್ರಕ್ಕೆ ಮನೆಯವರ ಒಪ್ಪಿಗೆ ಬೇಕು. ಮುಂದೆ ಒಂದು ಕುಡುಕನ ಪಾತ್ರಕ್ಕೆ ಅದೇ ಕೋಟು ಕೇಳಲು ಹೋದಾಗ ಸಿಸ್ಟರ್ ಗೇದರ್, "ಅದಾದ್ರೆ ತಗೊಂಡ್ಹೋಗಿ. ಅದು ಅವನಿಗೆ ಅಭ್ಯಾಸ ಇದೆ," ಅಂದರು. ಒಂದು ಕೋಟು ಯಾವ ಪಾತ್ರ ಮಾಡಬಹುದು, ಯಾವುದು ಮಾಡಬಾರದು ಎಂದು ಮನೆಬಾಗಿಲಿಗೆ ಹೋಗಿ ಕೇಳುವ ಕಚೇರಿ ಈ ನಗರದಲ್ಲಿ ಇನ್ನೊಂದು ಇದ್ದರೆ ದಯವಿಟ್ಟು ತಿಳಿಸಿ.

ನನ್ನದೇ ಸಾಕ್ಷ್ಯವನ್ನೂ ದಾಖಲಿಸುತ್ತೇನೆ. ತಾಲಿತಾ ಫೈಕ್ಸ್ ನನ್ನ ವಿದ್ಯಾರ್ಥಿನಿ. ಶಾಲೆಯ ಹೀಟರು ಕೆಟ್ಟಿದ್ದ ಒಂದು ಚಳಿಗಾಲವಿಡೀ ಅವಳು ಹಸಿರು ಉಣ್ಣೆಯ ಕೋಟಿನಲ್ಲೇ ತರಗತಿಯಲ್ಲಿ ಕುಳಿತಿದ್ದಳು. ಬೆಳೆಯುವ ಹುಡುಗಿಯೆಂದು ತಾಯಿ ಇಮೋಜೀನ್ ಒಂದಳತೆ ದೊಡ್ಡದನ್ನೇ ಕೊಂಡಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆಸ್ತಮಾ ಅವಳನ್ನು ಒಯ್ದಿತು. ಕೋಟು ಕಂಪನಿಗೆ ಬಂದಿತು. "ಯಾವ ಬಾಗಿಲನ್ನೂ ಹಾಕದೆ ಹೋಗ್ತಿದ್ಲು," ಎಂಬುದು ತಾಯಿ ಹೇಳಿದ ಕುಂದು. ಮರುವರ್ಷ ಬೇರೆ ಊರಿಂದ ಬಂದ, ತಾಲಿತಾಳನ್ನು ಎಂದೂ ನೋಡದ ನಟಿಯೊಬ್ಬಳು ಆ ಕೋಟು ತೊಟ್ಟಳು. ಭಾನುವಾರ ಮಧ್ಯಾಹ್ನದ ಆಟ. ಇಮೋಜೀನ್ ನನ್ನ ಪಕ್ಕದಲ್ಲಿದ್ದರು. ನಟಿ ಅಡುಗೆಮನೆಯ ದೃಶ್ಯದಿಂದ ಹೊರಟಳು. ಬಾಗಿಲು ತೆರೆದೇ ಉಳಿಯಿತು. ಅದು ಅಭ್ಯಾಸ ಮಾಡಿದ್ದು, ನಮಗೆ ತಿಳಿದಿದ್ದದ್ದು. ಆದರೆ ಹೊರಡುವ ಮುನ್ನ ಅವಳು ಎಡತೋಳನ್ನು ಎರಡು ಸಲ ಮೇಲಕ್ಕೆ ಎಳೆದುಕೊಂಡಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಪ್ಪುಹಲಗೆಯ ಮುಂದೆ ಲೆಕ್ಕ ಬಾರದೆ ನಿಂತಾಗ ತಾಲಿತಾ ಮಾಡುತ್ತಿದ್ದುದು ಅದನ್ನೇ: ಎಡತೋಳು, ಎರಡು ಸಲ.

"ನೋಡಿ ಟೀಚರ್," ಎಂದರು ಇಮೋಜೀನ್ ನನ್ನ ಕಡೆ ತಿರುಗದೆಯೇ. "ಇನ್ನೂ ತೋಳು ಉದ್ದಾನೇ ಇದೆ."

ನಾನು ಗಣಿತದವಳು. ಉದ್ದನೆಯ ತೋಳು ಜಾರುತ್ತದೆ, ಜಾರಿದ್ದನ್ನು ಯಾವ ಕೈಯಾದರೂ ಎಳೆದುಕೊಳ್ಳುತ್ತದೆ. ವಿವರಣೆ ಪೂರ್ಣವಾಗಿದೆ, ಶೇಷವೇನೂ ಉಳಿಯುವುದಿಲ್ಲ. ಆದರೂ ಆಮೇಲೆ ಆ ಕೋಣೆಗೆ ಹೋದಾಗಲೆಲ್ಲ ಹಸಿರು ಕೋಟಿನ ಮುಂದೆ ನಿಂತು, "ಸರಿಯಾಗಿದೆ, ಕೂತುಕೋ," ಎಂದು ಹೇಳಿಯೇ ಮುಂದೆ ಹೋಗುತ್ತಿದ್ದೆ. ಅವಳು ಬದುಕಿದ್ದಾಗ ನಾನು ಅವಳಿಗೆ ಒಮ್ಮೆಯೂ ಹೇಳದಿದ್ದ ಮಾತು ಅದು.

ಇನ್ನು, ತಮ್ಮ ಸಿಬ್ಬಂದಿಗೆ ಈ ಕೋಣೆಯ ದಾರಿ ತೋರಿಸಿದವರು ಯಾರು ಎಂಬುದು. ಆ ಭಾಗವನ್ನು ಇಲ್ಲಿ ಬಿಟ್ಟುಬಿಟ್ಟರೆ ಪತ್ರ ಇನ್ನೂ ಹರಿತವಾಗುತ್ತಿತ್ತು. ಆದರೆ ಅಪ್ರಾಮಾಣಿಕವೂ ಆಗುತ್ತಿತ್ತು. ತೋರಿಸಿದವಳು ನಾನು. ಮಾರ್ಚ್ ತಿಂಗಳಲ್ಲಿ ಉಡುಪಿನ ಕೋಣೆಯ ಛಾವಣಿ ಸೋರುತ್ತಿತ್ತು. ದುರಸ್ತಿಗೆ ನಗರದ ನೆರವು ಕೋರಿ ಅರ್ಜಿ ಬರೆಯುತ್ತೇನೆಂದಾಗ ಕ್ಲೋವಿಸ್ ನಕ್ಕರು. "ಟೀಚರ್, ಆ ಕಚೇರಿಗೆ ನಾವು ನಲವತ್ತಾರು ವರ್ಷದಿಂದ ಒಂದಕ್ಷರ ಬರೆದಿಲ್ಲ. ಅದಕ್ಕೇ ಇನ್ನೂ ಇದ್ದೀವಿ." ನಾನು ಅದನ್ನು ಅಳುಕು ಎಂದುಕೊಂಡೆ. ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ದೋಷವಿಲ್ಲದ ಅರ್ಜಿಗೆ ದೋಷವಿಲ್ಲದ ಉತ್ತರ ಬರುತ್ತದೆಂದು ನಂಬಿ ಬದುಕಿದವಳು. ಯಾರಿಗೂ ಹೇಳದೆ ಬರೆದೆ. ಯಾವ ಕೋಣೆ, ಎಷ್ಟು ಅಗಲ, ಒಳಗೆ ಏನೇನಿದೆ, ಎಲ್ಲವನ್ನೂ ಅಂಕಿ ಹಾಕಿ ಬರೆದೆ. ತಾವು ಛಾವಣಿಯನ್ನು ಕೇಳಿದವರಿಗೆ ಲಾರಿಯನ್ನು ಕಳುಹಿಸಿದಿರಿ. ಛಾವಣಿ ಈಗಲೂ ಸೋರುತ್ತಿದೆ. ಕೆಳಗೆ ಖಾಲಿ ಹ್ಯಾಂಗರುಗಳಿವೆ. ಬೀದಿಯಲ್ಲಿ ಭಾರದ ಗಾಡಿ ಹೋದರೆ ಮುನ್ನೂರೂ ಒಟ್ಟಿಗೆ ಅಲುಗುತ್ತವೆ. ಎರಡು ಕಂಬಿಗಳ ನಡುವಿನ ಓಣಿಯಲ್ಲಿ ನಟರು ಇಂದಿಗೂ ಮೈಯನ್ನು ಓರೆ ಮಾಡಿಕೊಂಡೇ ಹಾಯುತ್ತಾರೆ, ಯಾರ ಭುಜಕ್ಕೂ ತಾಗಬಾರದೆಂಬಂತೆ. ನನ್ನ ಅರ್ಜಿಯ ವಿಷಯವನ್ನು ಅವರಿಗೆ ಹೇಳಿದ್ದೇನೆ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಆ ಓಣಿಯಲ್ಲಿ ನಡೆಯುವುದು ನನಗೂ ಸುಲಭವಾಗುತ್ತಿತ್ತು.

ಪಟ್ಟಿಯೇಕೆ ಇಲ್ಲ ಎಂದು ತಾವು ಕೇಳುತ್ತೀರಿ. ನಾನೂ ಕೇಳಿದ್ದೆ. ಹನ್ನೆರಡು ವರ್ಷಗಳ ಹಿಂದೆ ಗೆರೆ ಹಾಕಿದ ದಪ್ಪನೆಯ ರಿಜಿಸ್ಟರನ್ನು ನಾನೇ ಕೊಂಡು ತಂದು ಮಿಸ್ ಆರ್ನೆಟಾ ಮುಂದಿಟ್ಟೆ: ಹೆಸರು, ಉಡುಪು, ಬಂದ ದಿನಾಂಕ. ಅವರು ಅದನ್ನು ಹೊಲಿಗೆ ಯಂತ್ರದ ಕುಂಟುಕಾಲಿನ ಕೆಳಗಿಟ್ಟು, ಅಲುಗುವುದಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಹೇಳಿದರು:

"ನಮ್ಮ ಮುತ್ತಜ್ಜಿ ಹೆಸರು ನಂಗೆ ಎಲ್ಲಿ ಸಿಕ್ತು ಗೊತ್ತಾ ಟೀಚರಮ್ಮ? ಕೋರ್ಟಿನ ಹಳೇ ಪುಸ್ತಕದಲ್ಲಿ. ಅವಳನ್ನ ಗುಲಾಮಳಾಗಿ ಇಟ್ಕೊಂಡಿದ್ದ ಯಜಮಾನ ಸತ್ತಾಗ ಅವನ ಆಸ್ತಿ ಪಟ್ಟಿ ಮಾಡಿದ್ರಲ್ಲ, ಅದ್ರಲ್ಲಿ. ಮೇಲೆ ಒಂದು ಮಗ್ಗ, ಕೆಳಗೆ ಎರಡು ಹೇಸರಗತ್ತೆ, ಮಧ್ಯ ಅವಳು. ಅಕ್ಷರ ಎಷ್ಟು ಚೆನ್ನಾಗಿತ್ತು ಅಂತೀಯ. ಥೇಟ್ ನಿನ್ನ ಅಕ್ಷರ. ನಮ್ಮೋರ್ನ ಒಂದ್ಸಲ ಪಟ್ಟಿ ಮಾಡಿದಾರೆ, ಸಾಕು. ನನ್ನ ಕೈಯಲ್ಲಿ ಇನ್ನೊಂದ್ಸಲ ಆಗಲ್ಲ."

ಅವರಿಗೆ ಈಗ ಎಂಬತ್ತೊಂದು ವರ್ಷ. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಕಾಲರಿನ ಸವೆತವನ್ನು, ಜೇಬಿನೊಳಗಿನ ತೇಪೆಯನ್ನು, ಒಂದು ಬದಿಗೆ ಜಗ್ಗಿದ ಗುಂಡಿಯನ್ನು ಬೆರಳಿನಿಂದ ಮುಟ್ಟಿ ಹೆಸರು ಮತ್ತು ಕುಂದು ಎರಡನ್ನೂ ಹೇಳುತ್ತಾರೆ. ಮುನ್ನೂರು ಜನ ಉಳಿದಿರುವುದು ಆ ಹತ್ತು ಬೆರಳುಗಳಲ್ಲಿ. ಅವರನ್ನು ಕರೆದುಕೊಂಡು ನಾನು ತಮ್ಮ ಏಳನೆಯ ಗೋದಾಮಿಗೆ ಮೂರು ದಿನ ಹೋದೆ. ಕಿಟಕಿಯಲ್ಲಿ ಕುಳಿತಿದ್ದ ಗುಮಾಸ್ತ ಕೆಟ್ಟವನಲ್ಲ, ಕುರ್ಚಿ ತಂದುಕೊಟ್ಟ.

"ಅಜ್ಜಿ, ಪಟ್ಟಿ ತನ್ನಿ, ಇವತ್ತೇ ಬಿಡಿಸಿಕೊಡ್ತೀನಿ."

"ಪಟ್ಟಿ ಇಲ್ಲ ಮಗಾ. ಒಳಗೆ ಬಿಡು, ಒಂದೊಂದಾಗಿ ಮುಟ್ಟಿ ಹೇಳ್ತೀನಿ."

"ಮುಟ್ಟಿ ಹೇಳಿದ್ದನ್ನ ನಾನು ಯಾವ ಕಾಲಮ್ಮಲ್ಲಿ ಬರೀಲಿ?"

"ಬರೀಬೇಡ. ಕೇಳಿಸ್ಕೋ. ನಿಂಗೆ ಎರಡು ಕಿವಿ ಕೊಟ್ಟಿರೋದು ಕನ್ನಡಕ ಸಿಗಿಸೋಕಾ?"

ಅವನು ನಕ್ಕ, ಆಮೇಲೆ ತಲೆ ತಗ್ಗಿಸಿ ನಿಯಮ ತೋರಿಸಿದ. ಮೂರನೆಯ ದಿನ ಮಿಸ್ ಆರ್ನೆಟಾ ಗೋದಾಮಿನ ತಗಡಿನ ಗೋಡೆಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. "ಒಬ್ಬರ ಮೇಲೊಬ್ಬರನ್ನ ತುರುಕಿದಾರೆ," ಎಂದರು. "ಹೊಸಿಯಾಗೆ ಇಕ್ಕಟ್ಟು ಅಂದ್ರೆ ಆಗ್ತಿರಲಿಲ್ಲ."

ಈಗ ತಾವು ತಿಳಿಯಬೇಕಾದ ಒಂದು ಸಂಗತಿ. ನೋಟೀಸಿನೊಡನೆ ತಾವು ಕಳುಹಿಸಿದ ಪಟ್ಟಿಯ ನಮೂನೆಯನ್ನು ನಾನು ತುಂಬಬಲ್ಲೆ. ಇಪ್ಪತ್ತು ವರ್ಷ ಆ ಬೆಂಚಿನ ಪಕ್ಕದಲ್ಲಿ ಕುಳಿತಿದ್ದೇನೆ. ಇನ್ನೂರಕ್ಕೂ ಹೆಚ್ಚು ಹೆಸರುಗಳು ನನಗೆ ಬಾಯಿಪಾಠವಾಗಿವೆ, ಉಳಿದವನ್ನು ಮನೆಮನೆಗೆ ಹೋಗಿ ಕೇಳಿದರೆ ಮೂರು ದಿನದ ಕೆಲಸ. ನನ್ನ ಅಕ್ಷರವನ್ನು ತಮ್ಮ ಕಚೇರಿ ಮೆಚ್ಚುವುದರಲ್ಲಿ ಸಂಶಯವಿಲ್ಲ. ಈ ಮಾತನ್ನು ಹಿಂದಿನ ಭಾನುವಾರ ಮಿಸ್ ಆರ್ನೆಟಾಗೆ ಹೇಳಿದೆ. ಇಮೋಜೀನ್ ಅಲ್ಲೇ ಇದ್ದರು. ಅವರ ಮುಖದಲ್ಲಿ ಆಸೆ ಮೂಡಿದ್ದನ್ನು ನಾನು ಕಂಡೆ. ಮಗಳ ಕೋಟು ಬೇಡವೆನ್ನುವ ತಾಯಿ ಎಲ್ಲಿದ್ದಾಳೆ? ಮಿಸ್ ಆರ್ನೆಟಾಗೆ ಅದು ಕಾಣಿಸದು, ಆದರೂ ಕಂಡವರಂತೆ ಇಮೋಜೀನರ ಮಂಡಿಯ ಮೇಲೆ ಕೈಯಿಟ್ಟು ನನಗೆ ಹೇಳಿದರು: "ನೀನು ಬರೆದ್ರೆ ಬಟ್ಟೆ ಬರುತ್ತೆ. ಅವರು ಬರಲ್ಲ." ಇಮೋಜೀನ್ ಆ ಕೈಯ ಮೇಲೆ ತಮ್ಮ ಕೈಯಿಟ್ಟು, "ಬರೀಬೇಡಿ ಟೀಚರ್," ಎಂದರು. ಈ ಎರಡು ಶಬ್ದಗಳನ್ನು ಹೇಳಲು ಅವರಿಗೆ ಏನೇನು ಬಿಡಬೇಕಾಯಿತೆಂದು ಅಳೆಯುವ ಉಪಕರಣ ತಮ್ಮ ಬಳಿಯೂ ಇಲ್ಲ, ನನ್ನ ಬಳಿಯೂ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ. ಹದಿನಾಲ್ಕರ ಮೊದಲು ಯಾವುದಾದರೂ ಒಂದು ಹಗಲು ಏಳನೆಯ ಗೋದಾಮನ್ನು ತೆರೆಸಿ. ಚೀಲಗಳನ್ನು ಬಿಚ್ಚಿಸಿ. ಮಿಸ್ ಆರ್ನೆಟಾ ಒಂದೊಂದು ಉಡುಪನ್ನು ಮುಟ್ಟಿ ಹೆಸರು ಹೇಳುತ್ತಾರೆ. ಮನೆಯವರು ಬಂದು ನಿಂತಿರುತ್ತಾರೆ, ತಮ್ಮವರ ಹೆಸರು ಬಂದಾಗ ಓಗೊಡುತ್ತಾರೆ. ತಾವು ಸ್ವತಃ ಬರಬೇಕು. ಲೇಖನಿ ತರಬಾರದು, ಗುಮಾಸ್ತರನ್ನು ಬರೆಯಲು ಕೂರಿಸಬಾರದು. ಮುನ್ನೂರು ಹೆಸರುಗಳನ್ನು ಕೇಳಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಕೇಳಿದ ಮೇಲೂ ಅವು ವಾರಸುದಾರರಿಲ್ಲದ ಬಟ್ಟೆಗಳೆಂದು ತಮಗೆ ಅನ್ನಿಸಿದರೆ, ಆ ಮಾತನ್ನು ಅಲ್ಲಿ ನಿಂತವರ ಮುಖ ನೋಡಿ ತಾವೇ ಹೇಳಿ, ಆಮೇಲೆ ಸುಡಬಹುದು.

ತಮ್ಮ ನಮೂನೆಯ ಹದಿನೆಂಟೂ ಪುಟಗಳನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಒಂದೂ ಅಂಕಣ ತುಂಬಿಲ್ಲ. ಖಾಲಿ ಉತ್ತರಪತ್ರಿಕೆ ಕೊಟ್ಟ ಮಕ್ಕಳಿಗೆ ಮೂವತ್ತೊಂದು ವರ್ಷ ಮರುಯೋಚನೆಯಿಲ್ಲದೆ ಸೊನ್ನೆ ಹಾಕಿದವಳು ನಾನು. ಅವರಲ್ಲಿ ಎಷ್ಟು ಜನ ಉತ್ತರ ತಿಳಿದೂ ಬರೆಯದೆ ಎದ್ದು ಹೋಗಿದ್ದರೋ, ಇಂದಿನವರೆಗೆ ಯೋಚಿಸಿರಲಿಲ್ಲ.

ಇಂತಿ,
ಉತ್ತರ ತಿಳಿದೂ ಬರೆಯದ,
ಕಮಲಾಕ್ಷಿ ಹೊಸಕೇರಿ
ನಿವೃತ್ತ ಗಣಿತ ಶಿಕ್ಷಕಿ, ಡ್ರೇಟನ್ ಬೀದಿ