ಎಳ್ಳುಕಾಳಿನಷ್ಟು ಎತ್ತರದಲ್ಲಿ

ಮಹಡಿಯ ಕೋಣೆ, ಕಿಟಕಿಯ ಪಕ್ಕದ ಮೇಜು
ಮಂಗಳವಾರ, ಬೆಳಿಗ್ಗೆ

೧. ಬರೆಯುತ್ತಿರುವವರು: ನಿನ್ನ ತಾತ, ವಯಸ್ಸು ಎಪ್ಪತ್ತೆಂಟು, ನಿವೃತ್ತ ಅರ್ಜಿ ನಕಲುಗಾರ.
೨. ಪಡೆಯತಕ್ಕವರು: ಸದರಿಯವರ ಏಕೈಕ ಮೊಮ್ಮಗಳು, ಹೆಲಿಕಾಪ್ಟರ್ ತರಬೇತಿ ಶಾಲೆಯ ವಿದ್ಯಾರ್ಥಿನಿ.
೩. ವಿಷಯ: ‘ಹೋವರ್’ ಎಂಬ ಇಂಗ್ಲಿಷ್ ಪದದ ಅರ್ಥ ಮತ್ತು ಮೂಲ, ಹಾಗೂ ನಿನ್ನ ಶನಿವಾರದ ಗೆಲುವು.
೪. ಅಕ್ಷರಗಳ ವಕ್ರತೆಗೆ ಕಾರಣವನ್ನು ಕೊನೆಯಲ್ಲಿ ನಿವೇದಿಸಲಾಗಿದೆ. ಅಲ್ಲಿಯವರೆಗೆ ಗಾಬರಿಯಾಗತಕ್ಕದ್ದಲ್ಲ.

ಪ್ರೀತಿಯ ತರಲೆಗೆ,

ಆರೋಗ್ಯವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಭುಜದ ನೋವು ಕಡಿಮೆಯಾಯಿತೇ? ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಅಜ್ಜಿಯ ಮಂಡಿ ಹಾಗೆಯೇ ಇದೆ, ನಾಲಿಗೆಯೂ ಹಾಗೆಯೇ ಇದೆ. ಶನಿವಾರ ನಿನ್ನ ಕರೆ ಬಂದಾಗಿನಿಂದ ಆಕೆ ಬೀದಿಯ ಔಷಧಿ ಅಂಗಡಿಯವನಿಗೆ, ಇಸ್ತ್ರಿಯವಳಿಗೆ, ವಿಳಾಸ ತಪ್ಪಿ ಬಂದ ಅಂಚೆಯವನಿಗೂ ಸುದ್ದಿ ಮುಟ್ಟಿಸಿದ್ದಾಳೆ. ನನಗೆ ಹೇಳಲು ಯಾರೂ ಉಳಿದಿಲ್ಲವಾದ್ದರಿಂದ ನಿನಗೇ ಹೇಳುತ್ತಿದ್ದೇನೆ.

ಎರಡು ಸಲ ಸೋತ ಮೇಲೆ ನೀನು ಬರೆದ ಪತ್ರ ನನ್ನ ಮುಂದಿದೆ. ನೆಲದಿಂದ ಆರಡಿ ಮೇಲೆ ಯಂತ್ರವನ್ನು ಅಲುಗಾಡದಂತೆ ಎರಡು ನಿಮಿಷ ನಿಲ್ಲಿಸಬೇಕು, ಮೂರನೆಯದೇ ಕೊನೆಯ ಅವಕಾಶ, ಅದೂ ತಪ್ಪಿದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರುವುದೇ ಎಂದಿದ್ದೆ. ಕೆಳಗೆ ಒಂದು ಸಾಲು: “ತಾತ, ನಮ್ಮ ಮೇಷ್ಟ್ರು ಹೋವರ್, ಹೋವರ್ ಅಂತ ಕೂಗ್ತಾನೇ ಇರ್ತಾರೆ. ಅದರರ್ಥ ಏನೂಂತ ಸರಿಯಾಗಿ ನೋಡಿ ಬರೀರಿ, ನನ್ನ ಕೈಗಂತೂ ಅರ್ಥ ಆಗ್ತಿಲ್ಲ.” ಅದು ಬೇಸತ್ತ ಹುಡುಗಿಯ ನಗೆಮಾತೆಂದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು, ನನ್ನೊಬ್ಬನನ್ನು ಬಿಟ್ಟು. ನಲವತ್ತು ವರ್ಷ ಅರ್ಜಿಗಳನ್ನು ನಕಲು ಮಾಡಿದವನಿಗೆ ಕೋರಿಕೆ ಎಂದರೆ ಕೋರಿಕೆಯೇ. ನಿನ್ನ ಅಮ್ಮನನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಹೋದೆ. ಅಲ್ಲಿಯ ದಪ್ಪ ನಿಘಂಟನ್ನು ನಾನು ಓದಿ ಹೇಳಿದೆ, ಆಕೆ ಬರೆದುಕೊಂಡಳು.

ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು ಒಂದು ಅರ್ಥ. ಹೋಗಲೋ ಬೇಡವೋ ಎಂದು ಅಲ್ಲಲ್ಲೇ ಸುಳಿಯುವುದು ಇನ್ನೊಂದು. ಅದಕ್ಕೂ ಹಳೆಯದಾದ ರೂಪಕ್ಕೆ ಕಾಯುವುದು, ತಂಗುವುದು ಎಂಬ ಅರ್ಥವಿತ್ತಂತೆ. ಲಂಗರು ಹಾಕಿ ನಿಂತ ಹಡಗಿಗೂ ಅದೇ ಮಾತನ್ನು ಬಳಸುತ್ತಿದ್ದರಂತೆ. ಅದಕ್ಕೂ ಹಿಂದೆ ಎಲ್ಲಿಂದ ಬಂತೆಂದು ನೋಡಿದರೆ, ಮೂಲ ತಿಳಿದಿಲ್ಲ ಎಂದಿತ್ತು. ನನಗೆ ರೇಗಿತು. ಒಂದು ಕಲಮಿನಲ್ಲಿ ‘ತಿಳಿದಿಲ್ಲ’ ಎಂದು ಬರೆದಿದ್ದರೆ ನಮ್ಮ ಸಾಹೇಬರು ಕಾಗದವನ್ನು ಮುಖಕ್ಕೆ ಎಸೆಯುತ್ತಿದ್ದರು. ನಿನ್ನ ಅಜ್ಜಿ ಮಾತ್ರ, “ಹುಟ್ಟೂರು ಗೊತ್ತಿಲ್ಲದಿದ್ರೆ ಏನಂತೆ, ಇಷ್ಟು ವರ್ಷ ಬೀಳದೆ ನಿಂತಿದೆಯಲ್ಲ,” ಎಂದು ವಿಚಾರಣೆಯನ್ನು ಮುಗಿಸಿಬಿಟ್ಟಳು.

ಇದನ್ನೆಲ್ಲ ನಿನಗೆ ಉತ್ತರವಾಗಿ ಬರೆಸುತ್ತಿದ್ದಾಗ ನಾಲ್ಕನೆಯ ಪುಟಕ್ಕೆ ನಿನ್ನ ಅಮ್ಮ ಪೆನ್ನು ಕೆಳಗಿಟ್ಟಳು. “ಮಾವ, ಅವಳಿಗೆ ಪರೀಕ್ಷೆ ಇರೋದು ಹಾರೋದ್ರಲ್ಲಿ, ಡಿಕ್ಷನರೀಲಲ್ಲ.” ಆ ಮಾತು ನಾಟಿತು. ಕೊನೆಗೆ ಇನ್ನೈದು ಸಾಲು ಸೇರಿಸೆಂದು ಬೇಡಿಕೊಂಡೆ. ಆ ಸಾಲುಗಳಲ್ಲಿದ್ದುದು ನನ್ನ ಕಸುಬಿನ ಗುಟ್ಟು: ಛಾಪಾ ಕಾಗದ ಒಂದೇ ಇರುತ್ತಿತ್ತು, ಒಂದು ಚಿತ್ತಾದರೂ ಇಡೀ ಕೆಲಸ ಹಾಳು. ಆದ್ದರಿಂದ ಪೂರ್ತಿ ವಾಕ್ಯ ಮನಸ್ಸಿನಲ್ಲಿ ಮೂಡುವವರೆಗೆ ನಿಬ್ಬನ್ನು ಕಾಗದದಿಂದ ಎಳ್ಳುಕಾಳಿನಷ್ಟು ಎತ್ತರದಲ್ಲಿ ಹಿಡಿದು ಕಾಯುತ್ತಿದ್ದೆವು. ಹಿಡಿತ ಸಡಿಲವಾಗಿರಬೇಕು, ಬಿಗಿ ಹಿಡಿದವನ ಕೈಯೇ ನಡುಗುವುದು. ಮೊಣಕೈಗೆ ಆಸರೆ ಇರಬೇಕು. ಕಣ್ಣು ನಿಬ್ಬಿನ ಮೇಲಲ್ಲ, ಸಾಲು ಮುಗಿಯುವ ಆ ತುದಿಯ ಮೇಲಿರಬೇಕು.

ಶನಿವಾರ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ತಾತ, ಬೈಬೇಡಿ, ಮೊದಲ ನಾಲ್ಕು ಪುಟ ಓದಲೇ ಇಲ್ಲ. ಕೊನೆ ಐದು ಸಾಲು ಮಾತ್ರ ಓದ್ದೆ.” ಕೆಳಗಿನ ಹುಲ್ಲನ್ನು ನೋಡುವುದನ್ನು ಬಿಟ್ಟು, ಮೈದಾನದಾಚೆಯ ನೀರಿನ ಟ್ಯಾಂಕಿನ ಮೇಲೆ ಕಣ್ಣಿಟ್ಟೆಯಂತೆ, ಮುಂಗೈಯನ್ನು ತೊಡೆಯ ಮೇಲಿಟ್ಟು ಹಿಡಿಕೆಯನ್ನು ಮೂರೇ ಬೆರಳಲ್ಲಿ ಹಿಡಿದೆಯಂತೆ. ಎರಡು ನಿಮಿಷ ಕಳೆದು ಮೂರೂ ಆಯಿತಂತೆ. ನಿನ್ನ ಮೇಷ್ಟ್ರು ಕೂಗುವುದನ್ನೇ ಮರೆತು ಕೊನೆಗೆ, “ಇಳಿಸಮ್ಮ ಸಾಕು, ನನಗೆ ಊಟಕ್ಕೆ ಹೊತ್ತಾಯ್ತು,” ಎಂದರಂತೆ. ನಾನು ನಕಲು ಮಾಡಿದ ಸಾವಿರಾರು ಅರ್ಜಿಗಳಲ್ಲಿ ಎಷ್ಟು ಮಂಜೂರಾದವೋ ನನಗೆ ಯಾರೂ ತಿಳಿಸಲಿಲ್ಲ. ಇದೊಂದು ಮಂಜೂರಾದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಓದದ ನಾಲ್ಕು ಪುಟಗಳನ್ನು ರಜೆಯಲ್ಲಿ ಬಂದಾಗ ನಾನೇ ಓದಿ ಹೇಳುತ್ತೇನೆ, ತಪ್ಪಿಸಿಕೊಳ್ಳುವಂತಿಲ್ಲ.

ಅಜ್ಜಿಯ ಮುದ್ದು, ಅಮ್ಮನ ಎಚ್ಚರಿಕೆಗಳು, ನನ್ನ ತುಂಬು ಹೃದಯದ ಆಶೀರ್ವಾದ. ಇನ್ನೂ ಎತ್ತರದಲ್ಲಿ ನಿಲ್ಲು.

ನಿನ್ನ ತಾತ

ಮರೆಯುವ ಮುನ್ನ: ಒಂದು ವರ್ಷದಿಂದ ನನ್ನ ಪತ್ರಗಳು ನಿನ್ನ ಅಮ್ಮನ ಕೈಬರಹದಲ್ಲಿ ಬರುತ್ತಿದ್ದುದು ಕಣ್ಣು ಮಂಜಾದದ್ದರಿಂದ ಎಂದಿದ್ದೆನಲ್ಲ, ಅದು ಸುಳ್ಳು. ಕಣ್ಣಿಗೇನೂ ಆಗಿಲ್ಲ, ನಡುಗುವುದು ಬಲಗೈ. ನಕಲುಗಾರನ ಕೈ ನಡುಗುತ್ತದೆ ಎಂದು ನಿನಗೆ ತಿಳಿಸಲು ನಾಚಿಕೆಯಾಯಿತು. ನಿನ್ನ ಕರೆ ಮುಗಿದ ಮೇಲೆ ಹೊಳೆಯಿತು, ಹೆದರಿಕೆಯಲ್ಲಿ ಇಷ್ಟು ದಿನ ಪೆನ್ನನ್ನು ಬಿಗಿಹಿಡಿದು ನಿಬ್ಬನ್ನೇ ನೋಡುತ್ತಿದ್ದೆ. ಭಾನುವಾರ ಮೊಣಕೈಗೆ ದಿಂಬು ಕೊಟ್ಟು, ಸಾಲಿನ ತುದಿ ನೋಡುತ್ತ ಕುಳಿತೆ. ಮೂರು ದಿನ ಹಿಡಿಯಿತು. ನಡುಕ ಹೋಗಿಲ್ಲ. ಆದರೆ ಮೇಲಿನದೆಲ್ಲವನ್ನೂ ಸ್ವಹಸ್ತದಿಂದಲೇ ಬರೆದು ಸಹಿ ಮಾಡಿದ್ದೇನೆ.

ಲಗತ್ತು: ಚಿತ್ತಾದ ಹಾಳೆಗಳು, ಹನ್ನೊಂದು.