ಎರಡು ಲೈನು, ಸೋಮವಾರ ಹನ್ನೊಂದು ಗಂಟೆ

ಫೆಬ್ರವರಿ 28, ಶನಿವಾರ

ವಾಕಿಂಗ್ ಆಯ್ತು, ಪೇಪರ್ ಆಯ್ತು. ಕೇಬಲ್ ಇಂಟರ್ನೆಟ್ ನಿನ್ನೆಯೂ ಕೈಕೊಟ್ಟಿತು — ಈ ತಿಂಗಳಲ್ಲಿ ಐದನೇ ಸಲ. ಸೊಸೆಯ ಕೆಲಸ ಅದರ ಮೇಲೇ ನಿಂತಿದೆ. ಮನೆಯಲ್ಲೇ ಕೂತು ಕಾಲೇಜಿನ ಪಾಠ ಕೇಳುತ್ತಲೇ ಟೈಪ್ ಮಾಡಿ ಕಳಿಸಬೇಕು. ಕಿವಿ ಕೇಳದ ಏಳು ಮಕ್ಕಳು ಅದನ್ನು ಓದಿ ಕಲಿಯುತ್ತಾರೆ. ಲೈನ್ ಹೋದರೆ ಅವರಿಗೆ ಮೇಷ್ಟ್ರ ಬಾಯಿ ಆಡುವುದಷ್ಟೇ ಕಾಣುವುದು. ಹೀಗೇ ಆದರೆ ಬೇರೆಯವರನ್ನು ನೋಡ್ಕೋತೀವಿ ಅಂದಿದ್ದಾರಂತೆ ಕಾಲೇಜಿನವರು.

ಮೂವತ್ತೊಂದು ವರ್ಷ ಪಂಪ್‌ಹೌಸ್ ನೋಡಿಕೊಂಡವನು ನಾನು. ಒಂದೇ ಪಂಪ್ ನಂಬಿಕೊಂಡು ಊರಿಗೆ ನೀರು ಕೊಡುತ್ತಾರಾ? ಮಗನಿಗೆ ಹೇಳಿ ಸಿಮ್ ಹಾಕುವ ಇಂಟರ್ನೆಟ್ ಡಬ್ಬ ತರಿಸಿದೆ. ಎರಡೂ ಲೈನ್ ಕೂಡಿಸುವ ರೂಟರ್ ಕೂಡ. ಒಂದು ಹೋದರೆ ಇನ್ನೊಂದು ತಾನೇ ಹಿಡಿಯುತ್ತದೆ. ಎಲ್ಲ ನಾನೇ ಜೋಡಿಸಿದೆ. ಆರು ದೀಪ, ಆರೂ ಹಸಿರು. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 2, ಸೋಮವಾರ, 11.40

ಪಂಪ್‌ಹೌಸ್ ಪದ್ಧತಿ — ಸೋಮವಾರ ಹನ್ನೊಂದಕ್ಕೆ ದೊಡ್ಡ ಪಂಪ್ ನಿಲ್ಲಿಸಿ ಸ್ಟ್ಯಾಂಡ್‌ಬೈ ಪಂಪ್ ಹತ್ತು ನಿಮಿಷ ಓಡಿಸಿ ನೋಡಬೇಕು. ಗಡಿಯಾರ ನೋಡಿದೆ, ಹನ್ನೊಂದು. ಸಿಮ್ ಹಿಡಿಯುತ್ತಾ ನೋಡೋಣ ಅಂತ ಕೇಬಲ್ ಕಿತ್ತೆ. ಸೊಸೆ ಪಾಠದಲ್ಲಿದ್ದಾಳೆ ಅನ್ನುವುದು ತಲೆಗೇ ಹೊಳೆಯಲಿಲ್ಲ...

"ಮಾವ! ಏನ್ ಮಾಡಿದ್ರಿ?"

ಸಿಮ್ ಲೈನ್ ಹಿಡಿಯಲೇ ಇಲ್ಲ. ಕೇಬಲ್ ಮತ್ತೆ ಸಿಕ್ಕಿಸಿ ಎಲ್ಲ ಸರಿಹೋಗಲು ನಾಲ್ಕು ನಿಮಿಷ. ಪಂಪ್‌ಹೌಸ್ ಪದ್ಧತಿ ಅಂತ ತೊದಲಿದೆ. ಅವಳು ಬೈಯಲಿಲ್ಲ. ಕಾಲೇಜಿಗೆ ಫೋನ್ ಮಾಡಿದಳು. "ತಪ್ಪು ನಮ್ಮನೇದು ಸರ್. ಇನ್ನೊಂದು ಸಲ ಆದ್ರೆ ನಾನೇ ಕೆಲಸ ಬಿಡ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಪಾಠ ನಡೀವಾಗ ಅದನ್ನ ಮುಟ್ಟಲ್ಲ ಅಂತ ಮಾತು ಕೊಡಿ ಮಾವ" ಅಂದಳು. ಕೊಟ್ಟೆ. ನಾಚಿಕೆಯಾಯ್ತು.

ಮಾರ್ಚ್ 3, ಸಂಜೆ 6

ಸಿಕ್ಕಿತು! ಕೇಬಲ್ ಡಬ್ಬ, ಸಿಮ್ ಡಬ್ಬ ಎರಡಕ್ಕೂ ಫ್ಯಾಕ್ಟರಿಯಿಂದಲೇ ಒಂದೇ ವಿಳಾಸದ ನಂಬರ್. ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡುತ್ತಾನೆ, ಪಾಪ. ಸಿಮ್ ಡಬ್ಬದ ನಂಬರ್ ಬದಲಿಸಿದೆ. ದೀಪ ಹಸಿರಾದರೆ ಕರೆಂಟ್ ಇದೆ ಅಂತಷ್ಟೇ ಅರ್ಥ, ನೀರು ಬಂತಾ ಅಂತ ನಲ್ಲಿ ತಿರುಗಿಸಿ ನೋಡಬೇಕು. ಪಂಪ್‌ಹೌಸ್‌ಗೆ ಬಂದ ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟದ್ದು. ನಾನೇ ಮರೆತೆ. ಪಾಠ ಮುಗಿದ ಮೇಲೆ ಮಗನ ಎದುರಿಗೇ ಕೇಬಲ್ ಕಿತ್ತೆ. ಹಿಡಿಯಿತು. ಸೊಸೆ "ಸರಿ" ಅಂದಳು. ನಂಬಿದ ಮುಖ ಅಲ್ಲ ಅದು.

ಮಾರ್ಚ್ 9, ಸೋಮವಾರ

ಹನ್ನೊಂದು ಹೊಡೆಯಿತು. ಕೈ ತುರಿಸಿತು. ಮಾತು ಕೊಟ್ಟಿದ್ದೇನೆ. ಕೈ ಜೇಬಿನಲ್ಲಿಟ್ಟುಕೊಂಡು ಕೂತೆ.

ಮಾರ್ಚ್ 12, ಗುರುವಾರ

ಬೆಳಿಗ್ಗೆ 10.40. ಬೀದಿಯಲ್ಲಿ ಚರಂಡಿ ಅಗೆಯುವವರು ಕೇಬಲ್ ಕತ್ತರಿಸಿಬಿಟ್ಟರು. ಒಳಗೆ ಓಡಿದೆ — ಕೇಬಲ್ ದೀಪ ಕೆಂಪು. ಜೀವ ಬಾಯಿಗೆ ಬಂತು. ಬಾಗಿಲ ಸಂದಿಯಿಂದ ನೋಡಿದೆ. ಟೈಪ್ ಮಾಡುತ್ತಿದ್ದಾಳೆ. ಬೆರಳು ನಿಂತಿಲ್ಲ. ಪಾಠ ಮುಗಿಯುವವರೆಗೂ ಅಲ್ಲೇ ನಿಂತೆ.

"ಏನ್ ಮಾವ, ಇಲ್ ನಿಂತಿದೀರಾ?"

"ಕೇಬಲ್ ಹೋಗಿ ಐವತ್ತು ನಿಮಿಷ ಆಯ್ತಮ್ಮ."

"ಹೋಗಿತ್ತಾ! ಮೇಷ್ಟ್ರು ಎರಡು ಸೆಕೆಂಡ್ ಸುಮ್ನಾದ್ರು. ಮಾತು ಮರೆತಿರಬೇಕು ಅಂದ್ಕೊಂಡೆ!"

ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಅಗೆಯುವವರನ್ನು ಬೈಯಲು ಹೋದವನು ಅವರ ಬೆನ್ನು ತಟ್ಟಿ ಬಂದೆ. ಪಂಪ್‌ಹೌಸ್‌ನಿಂದ ರಿಟೈರ್ ಆದ ದಿನ ಹಾರ ಹಾಕಿದ್ದರು. ಅವತ್ತೂ ಇಷ್ಟು ಹೆಮ್ಮೆ ಅನಿಸಿರಲಿಲ್ಲ.

ಮಾರ್ಚ್ 16, ಸೋಮವಾರ, 10.50

ಕೇಬಲ್ ನಿನ್ನೆ ಸರಿಹೋಯಿತು. ಈಗ ಸೊಸೆ ಪಾಠಕ್ಕೆ ಕೂರುವ ಮುಂಚೆ ಬಾಗಿಲಲ್ಲಿ ತಲೆ ಹಾಕಿದಳು.

"ಮಾವ, ಇವತ್ತು ಸೋಮವಾರ. ಹನ್ನೊಂದಕ್ಕೆ ನಿಮ್ಮ ಪಂಪ್‌ಹೌಸ್ ಪದ್ಧತಿ ನೆನಪಿದೆ ತಾನೆ?"

"ನಿಂಗೆ ಪಾಠ ಇದೆಯಲ್ಲಮ್ಮ. ಮಾತು ಕೊಟ್ಟಿದೀನಿ."

"ಆ ಮಾತು ವಾಪಸ್. ಪಾಠ ನಡೀತಿರ್ಲಿ, ನೀವು ಕೇಬಲ್ ಕೀಳಿ."

ಕನ್ನಡಕ ಒರೆಸಿಕೊಂಡೆ. ಎರಡು ಸಲ. ಏಳು ಮಕ್ಕಳು ಅಲ್ಲಿ ಓದುತ್ತಿದ್ದಾರೆ, ಅವಳು ಟೈಪ್ ಮಾಡುತ್ತಿದ್ದಾಳೆ, ನಾನು ಇಲ್ಲಿ ರೂಟರ್ ಪಕ್ಕ. ಇನ್ನು ಒಂದೇ ನಿಮಿಷ. ಹನ್ನೊಂದು. ಪೆನ್ ಇಟ್ಟು —