ನಡುಹೊಳೆಯಲ್ಲಿ ಕೆಮ್ಮುತ್ತಿದ್ದ ಎಂಜಿನ್

ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಮುದ್ದು ಕೋತಿಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಕುಶಲ ಆಮೇಲೆ ಕೇಳುತ್ತೇನೆ. ನಮ್ಮ ದೋಣಿಯ ಎಂಜಿನ್ ಸರಿಹೋಯಿತು. ಅದು ಕೆಟ್ಟಿದ್ದು ನಿನ್ನ ಕೈಯಿಂದ ಅಲ್ಲ. ಈ ಮಾತನ್ನು ಇನ್ನೊಂದು ಸಲ ಓದಿ, ಕಣ್ಣೊರೆಸಿಕೊಂಡು ಮುಂದಕ್ಕೆ ಹೋಗು.

ನೀನು ಚಿಕ್ಕಮ್ಮನ ಮನೆಗೆ ಹೊರಟುಹೋದಾಗಿನಿಂದ ನನಗೆ ಊಟ ಸೇರಿರಲಿಲ್ಲ. ನೀನು ಮೊದಲ ಸಲ ಒಬ್ಬಳೇ ಅಷ್ಟು ದೊಡ್ಡ ಎಂಜಿನ್ ಬಿಚ್ಚಿ, ಪಂಪು, ನಾಜಲ್ ಎಲ್ಲವನ್ನೂ ತೊಳೆದು, ಮತ್ತೆ ಜೋಡಿಸಿ ನಿಲ್ಲಿಸಿದ್ದೆ. ಮಾರನೇ ದಿನವೇ ಅದು ಜನ ತುಂಬಿದ ದೋಣಿಯನ್ನು ನಡುಹೊಳೆಯಲ್ಲಿ ಕೈಬಿಟ್ಟಿತು. ದಡ ಬಿಡುವಾಗ ಚೆನ್ನಾಗಿಯೇ ಓಡುತ್ತಿತ್ತು, ಅರ್ಧ ದಾರಿಗೆ ಬಂದರೆ ಕೆಮ್ಮು, ನಡುಕ, ಹೊಗೆ, ಆಮೇಲೆ ಸದ್ದೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಮತ್ತೆ ಓಡುತ್ತಿತ್ತು. ನಿಮ್ಮಪ್ಪ ಅಷ್ಟು ಜನರ ಎದುರಿಗೇ, ಕಲಿಯೋರ ಕೈಗೆ ಎಂಜಿನ್ ಕೊಟ್ಟಿದ್ದು ತಮ್ಮ ಬುದ್ಧಿಗೇಡಿತನ ಎಂದುಬಿಟ್ಟರು. ನೀನು ಸ್ಪ್ಯಾನರ್‌ಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆಯಲ್ಲ, ಅದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿ, ನಿನ್ನ ಮಗಳು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳಂತೆ, ಇನ್ನು ಎಂಜಿನ್ ಮುಟ್ಟೋಲ್ಲ ಅಂತಿದ್ದಾಳೆ ಎಂದಳು. ಆ ಹೊತ್ತಿಗೆ ಸರಿಯಾಗಿ ಮೀಸೆ ಮೇಸ್ತ್ರಿ ನಮ್ಮ ದೋಣಿಯಲ್ಲಿ ಕೂತಿದ್ದ. ಎಂಜಿನ್ ರಿಪೇರಿಗೆ ಅಂತ ನಿಮ್ಮಪ್ಪನೇ ಕರೆಸಿದ್ದು. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಎಂಜಿನ್ ಸದ್ದು ಕೇಳಿ, ಪಂಪು ಜೋಡಿಸಿದ್ದೇ ಸರಿಯಿಲ್ಲ, ಎಲ್ಲಾ ಇನ್ನೊಂದು ಸಲ ಬಿಚ್ಚಬೇಕು ಎಂದ. ನಿಮ್ಮಪ್ಪ ಆಗಲೇ ತಲೆ ಆಡಿಸುತ್ತಿದ್ದರು.

ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. ಎಂಜಿನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಮಗಳು ಕಟ್ಟಿದ್ದನ್ನ ಬಿಚ್ಚೋಕೆ ಮುಂಚೆ ಮಗಳ ಒಂದು ಮಾತು ನಡೆಸಿ ಎಂದೆ. ಸೊಪ್ಪು ಬಿಡಿಸುತ್ತಾ ಕೂತಾಗಲೆಲ್ಲ ನೀನು ನನ್ನ ತಲೆ ತಿನ್ನುತ್ತಿದ್ದೆಯಲ್ಲ, ಎಂಜಿನ್ ಮುನಿಸಿಕೊಂಡರೆ ಮೊದಲು ಬೇರೆ ಡಬ್ಬಿಯಿಂದ ಡೀಸೆಲ್ ಕುಡಿಸಿ ನೋಡಬೇಕು ಅಂತ. ಹೂಂ ಹೂಂ ಎನ್ನುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ, ಪುಣ್ಯಕ್ಕೆ ಅಷ್ಟಾದರೂ ನೆನಪಿತ್ತು. ಮೇಸ್ತ್ರಿ ಮೀಸೆಯೊಳಗೇ ನಕ್ಕ. ನಕ್ಕರೆ ನಗಲಿ ಎಂದು ಎಣ್ಣೆ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ಡೀಸೆಲ್ ತುಂಬಿ, ಛಾವಣಿಯ ಕೊಕ್ಕೆಗೆ ತೂಗುಹಾಕಿಸಿದೆ. ಟ್ಯಾಂಕಿನ ಪೈಪು ತೆಗೆದು ಡಬ್ಬಿಯ ಪೈಪು ಕೊಟ್ಟೆವು. ಖಾಲಿ ದೋಣಿಯಲ್ಲಿ ಆಚೆ ದಡಕ್ಕೆ ಹೊರಟೆವು.

ನಡುಹೊಳೆ ಬರುವ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಕೆಮ್ಮಲಿಲ್ಲ ಕಣೇ. ಆಚೆ ದಡ ಮುಟ್ಟಿ ತಿರುಗಿ ಬಂದೆವು, ಆಗಲೂ ಕೆಮ್ಮಲಿಲ್ಲ. ಡೀಸೆಲ್ ಸರಿಯಾಗಿ ಸಿಕ್ಕರೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ ಎಂದ ಮೇಲೆ, ನೀನು ಮುಟ್ಟಿದ್ದೆಲ್ಲ ಸರಿಯಿದೆ, ತೊಂದರೆ ಇರುವುದು ಟ್ಯಾಂಕಿನಲ್ಲಿ. ಇಷ್ಟು ನನಗೂ ಅರ್ಥವಾಯಿತು. ಅಲ್ಲೇ ಹಗ್ಗದ ಸುರುಳಿಯ ಮೇಲೆ ಕೂತು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಟ್ಯಾಂಕಿನೊಳಗಿಂದ ಡೀಸೆಲ್ ಎಳೆಯುವ ಕೊಳವೆ ಇದೆಯಲ್ಲ, ಅದರ ಬಾಯಿಗೆ ಸುತ್ತಿಕೊಂಡು ಏನು ಸಿಕ್ಕಿತು ಗೊತ್ತೇ? ನಿಮ್ಮಪ್ಪನ ಹಳೇ ಬನಿಯನ್. ನೀನು ಹೊಸ ಫಿಲ್ಟರ್ ಹಾಕಿದ್ದರೂ ಅವರಿಗೆ ಅದರ ಮೇಲೆ ನಂಬಿಕೆ ಇಲ್ಲ, ಡೀಸೆಲ್ ಸುರಿಯುವ ಆಲಿಕೆಯ ಬಾಯಿಗೆ ಬನಿಯನ್ ಕಟ್ಟಿ ಸೋಸಿ ಹಾಕಿದರೇ ಸಮಾಧಾನ. ನೀನು ಎಂಜಿನ್ ಕಟ್ಟಿ ಮುಗಿಸಿದ ಮಾರನೇ ಬೆಳಿಗ್ಗೆ ಟ್ಯಾಂಕ್ ತುಂಬಿಸುವಾಗ ಗಂಟು ಜಾರಿ ಅದು ಒಳಗೆ ಬಿದ್ದಿದೆ. ಗಾಳಿಗೆ ಹಾರಿಹೋಯಿತು ಎಂದುಕೊಂಡಿದ್ದಾರೆ ಮಹಾರಾಯರು. ಎಂಜಿನ್ ಎಳೆಯುತ್ತಾ ಹೋದ ಹಾಗೆ ಬನಿಯನ್ ಕೊಳವೆಯ ಬಾಯಿಗೆ ಅಂಟಿಕೊಳ್ಳುತ್ತಿತ್ತು, ನಿಂತ ಕೂಡಲೇ ಸಡಿಲವಾಗುತ್ತಿತ್ತು. ಅದಕ್ಕೇ ಮತ್ತೆ ಸ್ಟಾರ್ಟ್ ಆಗುತ್ತಿದ್ದದ್ದು.

ನಿನ್ನೆಯೆಲ್ಲ ದೋಣಿ ಓಡಿತು. ದರ್ಜಿಯವನ ತಾಯಿ, ಆ ಮುದುಕಿ, ಎಂಜಿನ್ ಕೆಮ್ಮಿದಾಗಲೆಲ್ಲ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ನಿನ್ನೆ ದಡ ಬಿಟ್ಟ ಕೂಡಲೇ ನಿದ್ದೆಹೋದಳು, ಆಚೆ ದಡದಲ್ಲಿ ತಟ್ಟಿ ಎಬ್ಬಿಸಬೇಕಾಯಿತು. ನಾನೂ ರಾತ್ರಿ ಹಾಗೇ ಮಲಗಿದೆ.

ಇನ್ನು ನಿನ್ನ ಮಾತು. ಅಂಗಡಿ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಅದೇ ಇಷ್ಟವಾದರೆ ಖುಷಿಯಿಂದ ಸೇರು. ಆದರೆ ನಿನ್ನ ಕೈಗೆ ಈ ಕೆಲಸ ಒಲಿಯಲಿಲ್ಲ ಎಂದುಕೊಂಡು ಮಾತ್ರ ಸೇರಬೇಡ. ಅದು ಸುಳ್ಳು. ಬಾ ಎಂದು ಹಟ ಹಿಡಿಯುವುದಿಲ್ಲ. ಬಂದರೆ ನನಗೆ ಎಷ್ಟು ಸಂತೋಷ ಎಂದು ನಿನಗೇ ಗೊತ್ತು.

ಅಪ್ಪ ಏನಂದರು ಎಂದು ಕೇಳಬೇಡ. ಅದನ್ನೆಲ್ಲ ಬರೆಯಕೂಡದು ಎಂದಿದ್ದಾರೆ. ಚಿಕ್ಕಮ್ಮನ ಮಂಡಿನೋವು ಹೇಗಿದೆ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?

ಸದಾ ನಿನ್ನ ಪಕ್ಷದವಳು,
ಅಮ್ಮ

ಮತ್ತೊಂದು ಮಾತು: ಬರೆಯದೆ ಇರಲು ಆಗುತ್ತಿಲ್ಲ. ಕೊಳವೆ ಎಳೆದು ತೆಗೆದಾಗ ಎಂಜಿನ್ ಕೋಣೆಯಲ್ಲಿ ನಿಮ್ಮಪ್ಪ ಒಬ್ಬರೇ ಇದ್ದರು. ಮೇಸ್ತ್ರಿಯೂ ನಾನೂ ದಡದಲ್ಲಿದ್ದೆವು. ಆ ಬನಿಯನ್ನನ್ನು ಕಿಟಕಿಯಿಂದ ಹೊಳೆಗೆ ಎಸೆದು, ಏನೋ ಕಸ ಸಿಕ್ಕಿಕೊಂಡಿತ್ತು ಎಂದಿದ್ದರೆ ನಾನೂ ನಂಬುತ್ತಿದ್ದೆ. ಎಸೆಯಲಿಲ್ಲ. ಡೀಸೆಲ್ ತೊಟ್ಟಿಕ್ಕುತ್ತಿದ್ದ ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು, ದೋಣಿಗೆ ಕಾದು ಕೂತಿದ್ದ ಜನರ ಮುಂದೆ ನಿಂತರು. ಅವತ್ತು ನಿಮ್ಮೆದುರಿಗೇ ಮಗಳನ್ನ ಅಂದೆ, ಅದಕ್ಕೆ ನಿಮ್ಮೆದುರಿಗೇ ಹೇಳ್ತೀನಿ, ಅವಳ ಕೆಲಸ ಸರಿಯಾಗಿತ್ತು, ಇದು ನಂದು ಎಂದರು. ಮದುವೆಯಾದಾಗಿನಿಂದ ಆ ಬಾಯಲ್ಲಿ ನಾನು ಅಂಥ ಮಾತು ಕೇಳಿದ್ದು ಅದೇ ಮೊದಲು.